ಒಕ್ಕಲಗಿತ್ತಿಯ ಹೆಸರು ಎಲ್ಲಿದೆ?

ನಮ್ಮ ಸಂಘಗಳಲ್ಲಿ ಸಂತಾಪ ಠರಾವು ಮಾಡುವ ಪದ್ಧತಿ ಬಹಳ ಹಳೆಯದು. ಸದಸ್ಯನ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಎರಡು ನಿಮಿಷ ಎದ್ದು ನಿಲ್ಲುತ್ತೇವೆ. ಕಾರ್ಯದರ್ಶಿಗಳು ನಾಲ್ಕು ಸಾಲು ಓದುತ್ತಾರೆ. ಆ ಸಾಲುಗಳು ಪತ್ರಿಕೆಯ ಕೊನೆಯ ಪುಟದಲ್ಲಿ ಅಚ್ಚಾಗುತ್ತವೆ. ಒಳ್ಳೆಯ ಪದ್ಧತಿ, ನಡೆಯಬೇಕಾದದ್ದೇ. ಆದರೆ ಗಂಡಸು ತೀರಿಕೊಂಡಾಗ ಓದುವ ಸಾಲುಗಳನ್ನೂ ಹೆಂಗಸು ತೀರಿಕೊಂಡಾಗ ಓದುವ ಸಾಲುಗಳನ್ನೂ ವಾಚಕರು ಒಮ್ಮೆ ಪಕ್ಕಪಕ್ಕಕ್ಕೆ ಇಟ್ಟು ನೋಡಬೇಕು. ಗಂಡಸಾದರೆ ಇಂಥ ಗಿರಣಿಯಲ್ಲಿ ಇಷ್ಟು ವರ್ಷ ದುಡಿದರು, ಇಂಥ ಖಾತೆಯಲ್ಲಿ ಜಾಬರ ಆಗಿದ್ದರು, ಇಂಥ ಮುಷ್ಕರದಲ್ಲಿ ಮುಂದಾಗಿ ನಿಂತರು ಎಂದು ಬರುತ್ತದೆ. ಹೆಂಗಸಾದರೆ ಸಾಧ್ವಿ, ಪತಿಪರಾಯಣೆ, ದೈವಭಕ್ತೆ, ತುಂಬು ಬಾಳು ಬಾಳಿದವರು, ಇಷ್ಟು ಮಂದಿ ಮಕ್ಕಳು ಮೊಮ್ಮಕ್ಕಳನ್ನು ಅಗಲಿದ್ದಾರೆ ಎಂದು ಮುಗಿಯುತ್ತದೆ. ಅವಳು ಏನು ಕೆಲಸ ಮಾಡುತ್ತಿದ್ದಳು ಎಂಬುದು ಮಾತ್ರ ಎಲ್ಲಿಯೂ ಬರುವದಿಲ್ಲ.

ಕಾರ್ಮಿಕರ ಸಂಘಕ್ಕೆ ಇದು ಶೋಭಿಸದ ಮಾತು. ದುಡಿಮೆಯನ್ನೇ ಮನುಷ್ಯನ ಮರ್ಯಾದೆಯೆಂದು ತಿಳಿದವರು ನಾವು. 60-70 ವರ್ಷ ದುಡಿದು ಕಣ್ಣು ಮುಚ್ಚಿದವಳಿಗೆ ಗುಣಗಳಿದ್ದವು, ಕಸಬು ಇರಲಿಲ್ಲ ಎಂದು ಬರೆದು ಕೈ ತೊಳೆದುಕೊಳ್ಳುವದು ಹೇಗೆ?

ಈ ವಿಚಾರ ನನ್ನ ತಲೆಯಲ್ಲಿ ನಿಂತದ್ದು 2023ರ ಜನವರಿಯಲ್ಲಿ ನಮ್ಮ ಆಯಿ ತೀರಿಕೊಂಡಾಗ. ವಿಜಯಪುರದ ಕಡೆ ಅಜ್ಜನಿಗೆ ಮುತ್ಯಾ, ಅಜ್ಜಿಗೆ ಆಯಿ ಅನ್ನುವರು. ಅವಳು ಹುಟ್ಟಿದ ವರ್ಷವನ್ನು ಯಾರೂ ಬರೆದಿಟ್ಟಿರಲಿಲ್ಲ. ಸ್ವರಾಜ್ಯ ಬಂದ ವರ್ಷ ತನ್ನ ಲಗ್ನವಾಯಿತೆಂದೂ ಆಗ ತಾನು ಆಗಷ್ಟೇ ಸೀರೆ ಉಡಲು ಕಲಿತಿದ್ದೆನೆಂದೂ ಹೇಳುತ್ತಿದ್ದಳು. ಆ ಲೆಕ್ಕದಿಂದ 90 ದಾಟಿದ್ದಳು. ಹೊಲದಲ್ಲಿ ಜೋಳ ಹಾಲುಗಾಳು ಕಟ್ಟಿ ಸೀತನಿ ತಿನ್ನುವ ಕಾಲ. ಮಣ್ಣಿಗೆ ಬಂದವರೆಲ್ಲ 'ಪುಣ್ಯವಂತಿ' ಎಂದರು. ಯಾರೊಬ್ಬರೂ 'ಒಳ್ಳೆಯ ಒಕ್ಕಲಗಿತ್ತಿ' ಅನ್ನಲಿಲ್ಲ. ಆ ಊರಿನಲ್ಲಿ ಅವಳಷ್ಟು ವರ್ಷ ಒಂದೇ ಹೊಲದಲ್ಲಿ ಒಕ್ಕಲುತನ ಮಾಡಿದ ಗಂಡಸು ಇನ್ನೊಬ್ಬನಿರಲಿಲ್ಲ.

ಡೋಣಿ ಹಳ್ಳದ ದಂಡೆಗೆ ನಮ್ಮದು 11 ಎಕರೆ ಎರಿ ಹೊಲ. ಡೋಣಿ ಹರಿದರೆ ಓಣಿ ತುಂಬ ಕಾಳು ಎಂಬ ಮಾತು ನಮ್ಮ ಭಾಗದಲ್ಲಿದೆ. ಹರಿಯದಿದ್ದರೆ ಏನೆಂಬುದನ್ನು ಹೇಳಬೇಕಾಗಿಲ್ಲ. ಸಾಲ ಏರಿ 1953ರಲ್ಲಿ ಮುತ್ಯಾ ಸೋಲಾಪುರದ ಗಾಡಿ ಹಿಡಿದು ಮುಂಬಯಿಗೆ ಬಂದನು. ಪರಊರಿಗೆ ಬಂದನು ಎನ್ನುವದಕ್ಕಿಂತ ರಾಜಧಾನಿಗೆ ಬಂದನು ಎನ್ನಬೇಕು. 1956ರ ನವೆಂಬರ್ 1ರ ವರೆಗೆ ಬಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿಯೇ ಇತ್ತು. ಮೊದಲು ಕೆಲವು ವರ್ಷ ಬದಲಿ ಕಾಮಗಾರ, ಆಮೇಲೆ ನೆಯ್ಗೆಯ ಖಾತೆಯಲ್ಲಿ ಕಾಯಂ. ಲಾಲಬಾಗದ ಒಂದು ಖೋಲಿಯಲ್ಲಿ ಪಾಳಿಯ ಮೇಲೆ ಮಲಗುವ ಹದಿನೆಂಟು ಮಂದಿಯಲ್ಲಿ ಒಬ್ಬ. ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು ಪಗಾರಿನ ಪುಸ್ತಕಕ್ಕೆ ಸಹಿ ಹಾಕತೊಡಗಿದನು. ಅದನ್ನು ಮನೆಯಲ್ಲಿ ಈಗಲೂ ಅಭಿಮಾನದಿಂದ ಹೇಳುತ್ತೇವೆ. ಆಯಿ ಕೊನೆಯ ವರೆಗೆ ಹೆಬ್ಬೆಟ್ಟು.

ಅವನು ಇಲ್ಲಿ ನಿಂತದ್ದು 29 ವರ್ಷ. ಊರಿಗೆ ಬರುತ್ತಿದ್ದುದು ವರ್ಷಕ್ಕೆ ಒಂದು ಸಲ, ರಜೆ ಸಿಕ್ಕರೆ ಎರಡು ಸಲ. ಆ 29 ವರ್ಷ ಹೊಲ ಯಾರು ಮಾಡಿದರು? ಮನೆಯಲ್ಲಿ ಕೇಳಿದರೆ "ಆಳು ಇದ್ದ, ಮೈದುನಂದಿರು ನೋಡಿಕೊಳ್ಳುತ್ತಿದ್ದರು" ಎಂಬ ಉತ್ತರ ಬರುತ್ತದೆ. ಆಳು ಇದ್ದದ್ದು ನಿಜ. ನೇಗಿಲು, ಕುಂಟೆ, ಕೂರಿಗೆಗಳ ಮೇಣಿ ಹೆಂಗಸು ಹಿಡಿಯಬಾರದೆಂಬ ಕಟ್ಟಳೆ ಇದ್ದದ್ದರಿಂದ ಅವನ್ನು ಹಿಡಿಯಲು ಒಬ್ಬ ಗಂಡಸು ಬೇಕೇ ಬೇಕು. ಈ ಕಟ್ಟಳೆಯೇ ಎಲ್ಲ ಲೆಕ್ಕವನ್ನೂ ಕೆಡಿಸಿದೆ ಎಂದು ನನ್ನ ಮತ. ಮೇಣಿ ಹಿಡಿದವನು ಒಕ್ಕಲಿಗ, ಉಳಿದದ್ದೆಲ್ಲ ಮಾಡಿದವಳು ಒಕ್ಕಲಿಗನ ಹೆಂಡತಿ! ಉಳಿದದ್ದು ಎಷ್ಟು ಎಂಬುದನ್ನು ಒಮ್ಮೆ ಎಣಿಸಿ ನೋಡೋಣ.

ಹಿಂಗಾರಿ ಜೋಳದ ಎರಿ ಭೂಮಿಯನ್ನು ವರ್ಷವೂ ನೇಗಿಲಿನಿಂದ ಹೂಡುವದಿಲ್ಲ. ಮಳೆಗಾಲವೆಲ್ಲ ಕುಂಟೆಯಿಂದ ಹರಗಿ, ಕಸ ಕೊಂದು, ಹಸಿ ಹಿಡಿದು ಕಾಯ್ದು, ಸೆಪ್ಟೆಂಬರ-ಅಕ್ಟೋಬರದಲ್ಲಿ ಬಿತ್ತುವರು. ಬಿತ್ತುವ ದಿನ ಯಾವುದೆಂದು ಗೊತ್ತು ಮಾಡುತ್ತಿದ್ದವಳು ಆಯಿ. ಮುಂಜಾನೆ ಹೊಲಕ್ಕೆ ಹೋಗಿ ಗೇಣುದ್ದ ಮಣ್ಣು ಕೆದರಿ, ಒಂದು ಹಿಡಿ ಅಮುಕಿ, ಮತ್ತೆ ಉದುರಿಸಿ ನೋಡುವಳು. ಉಂಡೆ ಒಡೆಯುವ ರೀತಿಯ ಮೇಲೆ ಇವತ್ತೋ ನಾಳಿದ್ದೋ ಎಂದು ಹೇಳುವಳು. ಕೂರಿಗೆಯ ಹಿಂದೆ ಅಕ್ಕಡಿ ಸಾಲಿಗೆ ಕುಸಬಿ ಬಿಡುತ್ತ ನಡೆಯುವವಳೂ ಅವಳೇ. ಅಕ್ಕಡಿಯ ಕಾಳು ದಟ್ಟಾದರೆ ಜೋಳ ಬಡವಾಗುತ್ತದೆ, ತೆಳುವಾದರೆ ಮನೆಗೆ ವರ್ಷದ ಎಣ್ಣೆಯಿಲ್ಲ. ಕೈಯ ಹದವೇ ಅಲ್ಲಿ ತಕ್ಕಡಿ.

ಆಮೇಲೆ ಕಳೆ. ತೆನೆ ಹಾಲಿಗೆ ಬಂದಾಗ ಅಟ್ಟಣಿಗೆಯ ಮೇಲೆ ಕವಣೆ ಹಿಡಿದು ನಸುಕಿನಿಂದ ಹಕ್ಕಿ ಕಾಯುವದು, ಕೆಳಗೆ ಜೋಳಿಗೆಯಲ್ಲಿ ಕೂಸು. ಮಾಗಿದ ಜೋಳವನ್ನು ನಮ್ಮ ಕಡೆ ಬೇರು ಸಹಿತ ಕೀಳುವರು. ಎರಿ ಒಡೆದು ಬಿರುಕು ಬಿಟ್ಟ ಹೊಲದಲ್ಲಿ ಬಗ್ಗಿ ಕೀಳುವಾಗ ಅಂಗೈ ಹರಿದು ರಕ್ತ ಬರುತ್ತದೆ. ತೆನೆ ಮುರಿಯುವದು ಹೆಂಗಸರ ಕೆಲಸ. ಕಣ ಬಳಿಯುವದು, ಕಾಳು ಸಾಣಿಸುವದು, ಹಗೇವಿನ ತಳಕ್ಕೆ ಹುಲ್ಲು ಹಾಸಿ ಕಾಳು ತುಂಬಿ ಬಾಯಿ ಮುಚ್ಚುವದು ಇವೆಲ್ಲವುಗಳಲ್ಲಿ ಅವಳ ಕೈ ಇತ್ತು. ಎತ್ತಿನ ಮೇವು ನೀರು, ಎಮ್ಮೆ ಹಿಂಡುವದು, ಕುಳ್ಳು ತಟ್ಟುವದು, ಮಾಗಿಯಲ್ಲಿ ಕೌದಿ ಹೊಲಿಯುವದು ಇವೆಲ್ಲ ಲೆಕ್ಕಕ್ಕೇ ಬರದಂಥವು. ರೊಟ್ಟಿ ಬಡಿಯುವದನ್ನಂತೂ ನಾನು ಇಲ್ಲಿ ಎತ್ತುವದಿಲ್ಲ. ಎತ್ತಿದರೆ "ಮನೆಗೆಲಸ" ಎಂದು ಯಾರಾದರೂ ಬಾಯಿ ಮುಚ್ಚಿಸಿಯಾರು.

ಬೀಜದ ಮಾತನ್ನು ಮಾತ್ರ ಹೇಳಲೇಬೇಕು. ಕೀಳುವ ಮುಂಚೆ ನಾಲ್ಕು ದಿನ ಅವಳು ಒಬ್ಬಳೇ ಹೊಲದಲ್ಲಿ ಅಡ್ಡಾಡುತ್ತಿದ್ದಳು. ಗಟ್ಟಿ ದಂಟು, ತುಂಬು ತೆನೆ, ಮುತ್ತಿನಂಥ ಕಾಳು ಕಂಡಲ್ಲಿ ಗುರುತಿಟ್ಟು, ಆ ತೆನೆಗಳನ್ನು ಬೇರೆ ಮುರಿದು ತಂದು ಅಡಿಗೆಮನೆಯ ಜಂತಿಗೆ ಕಟ್ಟುವಳು. ಒಲೆಯ ಹೊಗೆ ತಗಲಿ ಹುಳ ಬೀಳುವದಿಲ್ಲ. ಬಿಡಿಸಿದ ಮೇಲೆ ಬೂದಿ ಬೆರಸಿ, ಬೇವಿನ ಎಲೆ ಹಾಕಿ ಮಡಕೆಯಲ್ಲಿ ಇಡುವಳು. ಇಂದು ಹೆಸರಾದ ಎಂ 35-1 ಎಂಬ ತಳಿ ಇದೇ ಮಾಲದಂಡಿ ಜೋಳದೊಳಗಿಂದ ಸೋಲಾಪುರ ಜಿಲ್ಲೆಯ ಮೋಹೋಳದ ಸಂಶೋಧನ ಕೇಂದ್ರದಲ್ಲಿ ಆಯ್ದು ತೆಗೆದದ್ದು. ವಿಜ್ಞಾನಿಗಳ ಕೆಲಸವನ್ನು ಕಡಿಮೆಯೆಂದು ಯಾರೂ ಅನ್ನಲಾರರು. ಆದರೆ ಆಯುವದಕ್ಕೆ ಅಲ್ಲೊಂದು ರಾಶಿ ಇತ್ತಲ್ಲ, ಅದನ್ನು ನೂರಾರು ವರ್ಷ ಕೆಡದಂತೆ ಕಾಯ್ದುಕೊಂಡು ಬಂದವರು ಜಂತಿಗೆ ತೆನೆ ಕಟ್ಟಿದ ಇಂಥ ಹೆಂಗಸರು.

1972ರ ಬರದಲ್ಲಿ ಆ ಬೀಜದ ಮಡಕೆಯನ್ನು ಅವಳು ಮುಟ್ಟಗೊಡಲಿಲ್ಲ. ಹಗೇವು ಬರಿದಾಗಿತ್ತು. ಮುತ್ಯಾನ ಮನಿಆರ್ಡರು ಬಂದರೂ ಪೇಟೆಯಲ್ಲಿ ಕಾಳಿಲ್ಲ. ಆಯಿ ಮೂವರು ಗಂಡುಮಕ್ಕಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಟ್ಟಿಕೊಂಡು ಬರಗಾಲದ ಕಾಮಗಾರಿಗೆ ಹೋಗಿ ಖಡಿ ಒಡೆದಳು. ಎತ್ತು ಒಂದನ್ನು ಮಾರಿದಳು, ಕಿವಿಯ ಬುಗುಡಿ ಮಾರಿದಳು. ಬೀಜದ ಜೋಳ ಮಾತ್ರ ಹಾಗೇ ಇತ್ತು. ಮಳೆಯಾದ ವರ್ಷ ಓಣಿಯ ನಾಲ್ಕು ಮನೆಗೆ ಅದೇ ಮಡಕೆಯಿಂದ ಬೀಜ ಹೋಯಿತಂತೆ. ಇದನ್ನು ನನಗೆ ಹೇಳಿದವಳು ಅವಳಲ್ಲ. ಬೀಜ ಒಯ್ದ ಮನೆಯವರು.

ಗಿರಣಿಯ ಇತಿಹಾಸ ಬರೆಯುವವರು ಮರೆಯುವ ಮಾತೊಂದಿದೆ, ಅದನ್ನು ನಮ್ಮ ಬಾಂಧವರು ಸ್ವಲ್ಪ ವಿಚಾರಿಸಿ ನೋಡಬೇಕು. ಮುಂಬಯಿಯ ಮಾಲಕರು ಒಬ್ಬ ಕಾಮಗಾರನಿಗೆ ಕೊಡುತ್ತಿದ್ದ ಪಗಾರ ಒಬ್ಬನು ಖಾನಾವಳಿಯಲ್ಲಿ ಉಂಡು ಖೋಲಿಯಲ್ಲಿ ಮಲಗುವದಕ್ಕೆ ಸಾಲುವಷ್ಟು, ಮೇಲೆ ಊರಿಗೆ ನಾಲ್ಕು ಕಾಸು ಕಳಿಸುವಷ್ಟು. ಹೆಂಡತಿ ಮಕ್ಕಳು ಮುದುಕರು ಇವರ ಅನ್ನ ಊರ ಹೊಲದಿಂದ ಬರುತ್ತಿತ್ತು. ಕಾಮಗಾರನಿಗೆ ಜಡ್ಡಾದರೆ ಅವನನ್ನು ಊರಿಗೆ ಅಟ್ಟಲಾಗುತ್ತಿತ್ತು. ಆರೈಕೆ ಮಾಡುವವಳು ಅಲ್ಲಿದ್ದಳು. ಹೀಗೆ ಅರ್ಧ ಪಗಾರವನ್ನು ಗಿರಣಿ ಕೊಟ್ಟರೆ ಇನ್ನರ್ಧವನ್ನು ಆಯಿಯಂಥವರು ಕೊಟ್ಟರು. ಬಟ್ಟೆಯ ಲಾಭದಲ್ಲಿ ಅವರ ಪಾಲು ಯಾವ ವಹಿಯಲ್ಲಿಯೂ ಜಮಾ ಆಗಲಿಲ್ಲ.

1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಂದಾಳುತನದಲ್ಲಿ ಗಿರಣಿ ಮುಷ್ಕರ ಸುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಿದ್ದರು. ಅಷ್ಟು ಜನ ಅಷ್ಟು ತಿಂಗಳು ಪಗಾರವಿಲ್ಲದೆ ಹೇಗೆ ಬದುಕಿದರೆಂದು ಪಂಡಿತರು ಆಶ್ಚರ್ಯಪಡುವರು. ನಮಗೆ ಆಶ್ಚರ್ಯವಿಲ್ಲ. ಕೊಂಕಣದಿಂದ ಅಕ್ಕಿ ಬಂತು, ನಮ್ಮ ಕಡೆಯಿಂದ ಜೋಳ ಬಂತು. ಆಯಿ ಎರಡು ಚೀಲ ಜೋಳ, ಒಂದು ಗಂಟು ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಊರವರ ಕೈಯಲ್ಲಿ ಕಳಿಸುತ್ತಿದ್ದಳು. ಆ ರೊಟ್ಟಿ ಉಂಡವರಲ್ಲಿ ಖೋಲಿಯ ಹದಿನೆಂಟೂ ಮಂದಿ ಇದ್ದರು. ಅದರಲ್ಲಿ ಎಲ್ಲರೂ ಕನ್ನಡದವರಲ್ಲ. ಆ ಮುಷ್ಕರದ ಬಗ್ಗೆ ಪುಸ್ತಕಗಳಿವೆ, ಸಿನೆಮಾಗಳಿವೆ, ಭಾಷಣಗಳಿಗಂತೂ ಲೆಕ್ಕವಿಲ್ಲ. ಮುಷ್ಕರದ ನಿಧಿಗೆ ಚಂದಾ ಕೊಟ್ಟವರ ಯಾದಿಯಲ್ಲಿ ಹೊಲದ ಹೆಂಗಸರ ಹೆಸರು ಮೊದಲು ಬರಬೇಕಾಗಿತ್ತು. ಮುತ್ಯಾ ಆ ವರ್ಷದ ಕೊನೆಗೆ ಟ್ರಂಕು ಹೊತ್ತು ಊರಿಗೆ ಹೋದನು, ಮತ್ತೆ ಬರಲಿಲ್ಲ. 29 ವರ್ಷದ ದುಡಿಮೆಯ ನಂತರ ಅವನನ್ನು ಹಿಡಿದು ನಿಲ್ಲಿಸಿದ್ದು ಹೆಂಡತಿ ಕಾಯ್ದಿಟ್ಟ ಹೊಲ.

ಅವನು 1996ರಲ್ಲಿ ತೀರಿಕೊಂಡನು. ಹೊಲದ ಉತಾರದಲ್ಲಿ ಅವನ ಹೆಸರು ಕಡಿಮೆ ಮಾಡಿ ವಾರಸುದಾರರ ಹೆಸರು ಏರಿಸಬೇಕಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯ ಪ್ರಕಾರ ವಿಧವೆಯಾದ ಹೆಂಡತಿ ಮೊದಲ ದರ್ಜೆಯ ವಾರಸುದಾರಳು; ಮಕ್ಕಳ ಜತೆಗೆ ಅವಳಿಗೂ ಪಾಲು. ಹೆಣ್ಣುಮಕ್ಕಳಿಗೂ ಪಾಲು. ಇದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಒಂದು ಕಾಗದ ತಯಾರಾಯಿತು. ಆಯಿ ಮತ್ತು ನನ್ನ ಇಬ್ಬರು ಅತ್ತೆಯರು ತಮ್ಮ ಹಕ್ಕನ್ನು ರಾಜಿಖುಷಿಯಿಂದ ಬಿಟ್ಟುಕೊಟ್ಟಿದ್ದೇವೆಂದು ಅದರಲ್ಲಿ ಬರೆದಿತ್ತು. ಅತ್ತೆಯರು ಸಹಿ ಮಾಡಿದರು, ಆಯಿ ಹೆಬ್ಬೆಟ್ಟು ಒತ್ತಿದಳು. ಮೂರು ಮಂದಿ ಗಂಡುಮಕ್ಕಳ ಹೆಸರು ಏರಿದವು. ಒಬ್ಬರು ಸೋಲಾಪುರದಲ್ಲಿ, ಒಬ್ಬರು ಮುಂಬಯಿಯಲ್ಲಿ, ಒಬ್ಬರು ಪುಣೆಯಲ್ಲಿ. ಊರಲ್ಲಿ ಇದ್ದು ಹೊಲ ಮಾಡುತ್ತಿದ್ದವಳ ಹೆಸರು ಇಲ್ಲ.

ಮುಂದೆ ಎಷ್ಟೋ ವರ್ಷಕ್ಕೆ ನಾನು ಈ ಮಾತು ತೆಗೆದಾಗ ಆಯಿ ನಕ್ಕು, "ಹೊಲಾ ಯಾರದಂತ ಹೊಲಕ್ಕ ಗೊತ್ತೈತಿ. ಕಾಗದಕ್ಕ ಗೊತ್ತಿಲ್ದಿದ್ರ ಏನಾತು?" ಅಂದಳು. ನಮ್ಮ ಮನೆಯಲ್ಲಿ ಈ ಮಾತನ್ನು ಆಕೆಯ ದೊಡ್ಡ ಮನಸ್ಸಿಗೆ ಸಾಕ್ಷಿಯೆಂದು ಎಲ್ಲರೂ ಹೇಳಿಕೊಳ್ಳುವರು. ದೊಡ್ಡ ಮನಸ್ಸು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಬೆಳೆಸಾಲ ಕೊಡುವ ಸಹಕಾರಿ ಸಂಘ ಹೊಲವನ್ನು ಕೇಳುವದಿಲ್ಲ, ಉತಾರ ಕೇಳುತ್ತದೆ. 2019ರಿಂದ ಕೇಂದ್ರ ಸರಕಾರ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಕೊಡುವ ಯೋಜನೆಗೂ ಭೂಮಿಯ ದಾಖಲೆಯಲ್ಲಿ ಹೆಸರು ಬೇಕು. ಕರ್ನಾಟಕದ ಪಹಣಿಯಲ್ಲಿ ಮಾಲಕನ ಅಂಕಣ ಬೇರೆ, ಸಾಗುವಳಿದಾರನ ಅಂಕಣ ಬೇರೆ ಇವೆ. ಆಯಿಯ ಹೆಸರು ಎರಡರಲ್ಲಿಯೂ ಇರಲಿಲ್ಲ. ವಿಚಿತ್ರವೆಂದರೆ ಮುಂಬಯಿಯಲ್ಲಿ ಗಿರಣಿ ಕಾಮಗಾರರ ಮನೆಗಳಿಗಾಗಿ ಅರ್ಜಿ ತುಂಬುವಾಗ ವಾರಸುದಾರಳೆಂದು ಮೊದಲು ಅವಳ ಹೆಸರನ್ನೇ ಬರೆಯಬೇಕಾಯಿತು. ಅವಳು ಒಂದು ದಿನವೂ ಕಾಲಿಡದ ಗಿರಣಿಯ ಕಾಗದದಲ್ಲಿ ಅವಳಿದ್ದಾಳೆ, 70 ವರ್ಷ ದುಡಿದ ಹೊಲದ ಕಾಗದದಲ್ಲಿ ಇಲ್ಲ.

ಆಯಿಯ ಮಾತು ಮುಗಿದುಹೋಯಿತು, ಈಗ ಯಾಕೆ ಅನ್ನಬಹುದು. ಮುಗಿದಿಲ್ಲ. ಈಗ ಆ ಹೊಲ ಮಾಡುವವಳು ನನ್ನ ಚಿಗವ್ವ. ಕಾಕಾ ಪುಣೆಯಲ್ಲಿ ಟೆಂಪೊ ನಡೆಸುತ್ತಾನೆ. 2023ರಲ್ಲಿ ಕರ್ನಾಟಕದ ಬಹುತೇಕ ತಾಲೂಕುಗಳಲ್ಲಿ ಬರ ಸಾರಿದಾಗ ಬೆಳೆ ಒಣಗಿದ್ದು ಚಿಗವ್ವನ ಕಣ್ಣ ಮುಂದೆ. ಪರಿಹಾರದ ಹಣ ಜಮಾ ಆದದ್ದು ಉತಾರದಲ್ಲಿ ಹೆಸರಿದ್ದವರ ಖಾತೆಗೆ. ಯಾರೂ ನುಂಗಲಿಲ್ಲ, ಕಳಿಸಿಕೊಟ್ಟರು. ಆದರೆ ಅವಳು ಮೂರು ಸಲ ಫೋನು ಮಾಡಿ ಕೇಳಬೇಕಾಯಿತು. ತನ್ನ ಬೆಳೆಯ ಪರಿಹಾರವನ್ನು ಉಪಕಾರ ಬೇಡಿದಂತೆ ಬೇಡುವದು ಎಂಥ ನ್ಯಾಯ?

ಇದು ಒಂದು ಮನೆಯ ಕತೆಯೂ ಅಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ಇಡೀ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ 14ರಷ್ಟೂ ಇಲ್ಲ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುವರೆಂದು ತಿಳಿದುಬಂದಿದೆ. ಆ 289 ನಿಮಿಷ ಮುಗಿಸಿದ ಮೇಲೆ ಹೊಲಕ್ಕೆ ಹೋಗುವವಳು ಒಕ್ಕಲಗಿತ್ತಿ. ಭೂಮಿಗೆ ತಾಯಿ ಅನ್ನುತ್ತೇವೆ, ಎಳ್ಳಮಾಸಿಗೆ ಚರಗ ಚೆಲ್ಲಿ ಉಡಿ ತುಂಬುತ್ತೇವೆ. ತಾಯಿಯ ಹೆಸರನ್ನು ಭೂಮಿಯ ಮೇಲೆ ಬರೆಯಲು ಮಾತ್ರ ಕೈ ನಡುಗುತ್ತದೆ.

ನಮ್ಮವರ ಆಕ್ಷೇಪಗಳು ನನಗೆ ಗೊತ್ತಿವೆ. ಹೆಂಗಸಿನ ಹೆಸರಿಗೆ ಮಾಡಿದರೆ ಹೊಲ ಅಳಿಯನ ಪಾಲಾಗುತ್ತದೆ ಎಂಬುದು ಒಂದು. ಗಂಡಸಿನ ಹೆಸರಿನಲ್ಲಿದ್ದ ಎಷ್ಟು ಹೊಲ ಕುಡಿತಕ್ಕೆ, ಇಸ್ಪೀಟಿಗೆ, ಚುನಾವಣೆಗೆ ಹೋಗಿಲ್ಲ? ಅದಕ್ಕಾಗಿ ಗಂಡಸರ ಹೆಸರು ತೆಗೆಯಬೇಕೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಒಂದೇ ಮನೆ, ಅವಳದು ನಮ್ಮದು ಎಂದು ಬೇರೆ ಏನಿದೆ ಎಂಬುದು ಇನ್ನೊಂದು. ಬೇರೆ ಏನೂ ಇಲ್ಲವಾದರೆ ಹೆಸರು ಬರೆಯಲು ತೊಂದರೆ ಏನು? ಈ ಆಕ್ಷೇಪವನ್ನು ಎತ್ತುವವರು ಯಾವಾಗಲೂ ಹೆಸರು ಇದ್ದವರೇ ಆಗಿರುವದು ಗಮನಿಸತಕ್ಕ ಸಂಗತಿ. ತುಂಡು ಭೂಮಿ ಇನ್ನೂ ತುಂಡಾಗುತ್ತದೆ ಎಂಬ ಮೂರನೆಯದರಲ್ಲಿ ಸ್ವಲ್ಪ ಹುರುಳಿದೆ. ಆದರೆ ಜಂಟಿ ಹೆಸರು ಹಾಕಿದರೆ ಹೊಲ ಒಡೆಯುವದಿಲ್ಲ.

ನಾವಿರುವ ಮಹಾರಾಷ್ಟ್ರದಲ್ಲಿಯೇ ಇದಕ್ಕೆ ದಾರಿ ತೋರಿಸಿದವರಿದ್ದಾರೆ. ಶರದ ಜೋಶಿಯವರ ಶೇತಕರಿ ಸಂಘಟನೆಯು ಲಕ್ಷ್ಮೀಮುಕ್ತಿ ಎಂಬ ಚಳವಳಿ ಹೂಡಿ, ಒಕ್ಕಲಿಗರು ತಾವಾಗಿಯೇ ಹೊಲದ ಒಂದು ಭಾಗವನ್ನು ಹೆಂಡತಿಯ ಹೆಸರಿಗೆ ಮಾಡಬೇಕೆಂದು ಊರೂರಿಗೆ ಹೋಗಿ ಕೇಳಿತು. ಕೋರ್ಟಿಲ್ಲ, ಜಗಳವಿಲ್ಲ, ಋಣ ತೀರಿಸಿರಿ ಎಂಬುದೊಂದೇ ಮಾತು. 1992ರಲ್ಲಿ ರಾಜ್ಯ ಸರಕಾರವೂ ಗಂಡನು ಅರ್ಜಿ ಕೊಟ್ಟರೆ ಸಾತ್-ಬಾರಾ ಉತಾರದಲ್ಲಿ ಹೆಂಡತಿಯ ಹೆಸರನ್ನು ಸಹಹಿಡುವಳಿದಾರಳೆಂದು ಏರಿಸುವ ಆಜ್ಞೆ ಹೊರಡಿಸಿತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಹಿರಿಯರ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು 1994ರಲ್ಲಿ ಬಂತು, ಇಡೀ ದೇಶಕ್ಕೆ 2005ರಲ್ಲಿ. ಕಾಯದೆ ಸಾಕಷ್ಟಿದೆ. ಕುಟುಂಬದೊಳಗಿನ ದಾನಪತ್ರಕ್ಕೆ ಮುದ್ರಾಂಕದ ಖರ್ಚೂ ಕರ್ನಾಟಕದಲ್ಲಿ ಅಲ್ಪವೇ. ಅಡ್ಡಿಯಾಗಿ ನಿಂತದ್ದು ಆ 'ರಾಜಿಖುಷಿ'ಯ ಕಾಗದ.

ಆದ್ದರಿಂದ ನಮ್ಮ ಸಂಘದ ಮುಂದೆ ನನ್ನ ಸೂಚನೆ ಹೀಗಿದೆ. ನಮ್ಮ ಸದಸ್ಯರಲ್ಲಿ ಊರ ಉತಾರದಲ್ಲಿ ಹೆಸರಿದ್ದು ಇಲ್ಲಿ ದುಡಿಯುವವರು ಬಹಳ ಮಂದಿ ಇದ್ದಾರೆ. ಜಾತ್ರೆಗೋ ದೀಪಾವಳಿಗೋ ಊರಿಗೆ ಹೋದಾಗ ಹೊಲ ಯಾರು ಮಾಡುತ್ತಾರೋ ಅವಳ ಹೆಸರು, ಹೆಂಡತಿಯಾಗಲಿ ತಾಯಿಯಾಗಲಿ ತಮ್ಮನ ಹೆಂಡತಿಯಾಗಲಿ, ಸೇರಿಸುವ ಕಾಗದ ಮಾಡಿಸಿಕೊಂಡು ಬರಬೇಕು. ಅರ್ಜಿ ಬರೆದುಕೊಡುವದಕ್ಕೆ ತಿಂಗಳಿಗೊಂದು ರವಿವಾರ ಸಂಘದ ಖೋಲಿಯಲ್ಲಿ ಕೂಡ್ರಲು ನಾನು ಸಿದ್ಧನಿದ್ದೇನೆ. ಕಾಯದೆ ಬಲ್ಲ ಬಾಂಧವರು ಇಬ್ಬರು ಜತೆಗೆ ಬಂದರೆ ಕೆಲಸ ಸುಲಭವಾಗುವದು. ಯಾವ ಹೆಂಗಸಿನ ಹಕ್ಕುಬಿಡುಗಡೆ ಪತ್ರವನ್ನೂ ಅವಳಿಗೆ ಓದಿ ಹೇಳದೆ ನಮ್ಮವರು ಮಾಡಿಸಬಾರದು. ಸಂತಾಪ ಠರಾವಿನಲ್ಲಿ ಕಸಬಿನ ಸಾಲು ಒಂದು ಇರಬೇಕು. ನಮ್ಮ ಮನೆಯಲ್ಲಿ ಚಿಗವ್ವನ ಹೆಸರಿನ ಕಾಗದ ಸುರುವಾಗಿದೆ. ಕಾಕಾ ಒಪ್ಪಿದ್ದಾನೆ, ದೊಡ್ಡಪ್ಪ ಇನ್ನೂ ಒಪ್ಪಬೇಕಾಗಿದೆ.

ಇನ್ನೊಂದು ಸಂಗತಿ. 2021ರಲ್ಲಿ ಆಗಬೇಕಾಗಿದ್ದ ಜನಗಣತಿ ಮುಂದೆ ಹೋಗಿ 2027ಕ್ಕೆ ಗೊತ್ತಾಗಿದೆ. ಹಿಂದಿನ ಗಣತಿಗಳಲ್ಲಿ ವರ್ಷಕ್ಕೆ 183 ದಿನ ದುಡಿದವರನ್ನು ಮುಖ್ಯ ದುಡಿಮೆಗಾರರೆಂದು ಹಿಡಿಯುತ್ತಿದ್ದರು. ಹರಗುವ ಕಾಲದಿಂದ ಹಗೇವು ಮುಚ್ಚುವ ವರೆಗೆ ನಮ್ಮ ಆಯಿಯ ದಿನಗಳು 183ಕ್ಕೆ ಎಷ್ಟೋ ಮೊದಲೇ ದಾಟುತ್ತಿದ್ದವು. ಆದರೆ ಪ್ರತಿ ಸಲವೂ ಅವಳ ಮುಂದೆ 'ಮನೆಗೆಲಸ' ಎಂದು ಬರೆಯಿಸಿದ್ದು ಕಟ್ಟೆಯ ಮೇಲೆ ಕುಳಿತ ಗಂಡಸರು. ಈ ಸಲ ಗಣತಿಯವರು ಊರ ಮನೆಗೆ ಬರುವ ಹೊತ್ತಿಗೆ ನೀವು ಅಲ್ಲಿದ್ದರೆ, ಹೊಲ ಮಾಡುವವಳ ಕಸಬು ಒಕ್ಕಲುತನ ಎಂದು ಬರೆಯಿಸಿರಿ. ವರ್ಷಕ್ಕೆ ಎಷ್ಟು ದಿನ ಎಂದು ಅವರು ಕೇಳಿದರೆ ಅವಳನ್ನೇ ಕರೆದು, ನಡುವೆ ಬಾಯಿ ಹಾಕದೆ, ಅವಳು ಹೇಳುವಷ್ಟು ಹೇಳಗೊಡಿರಿ.